ಗಜೇಂದ್ರಗಡಕ್ಕೆ ಹೋಗಬೇಕಾದ ಗಾಡಿ

ಜೂನ್ ೯, ರವಿವಾರ

ಒಂದು ವಾಹನವನ್ನು ಬಿಚ್ಚಿ ನಾಲ್ಕೂ ಮೂಲೆಗೆ ಹರವಿಟ್ಟು, ಆ ಸ್ಥಿತಿಗೆ 'ಕೆಲಸ ನಡದೈತಿ' ಎಂದು ಹೆಸರಿಡುವ ಜನರನ್ನು ಇಂದು ಕಂಡೆ. ರೋಣದಿಂದ ಸವಡಿಗೆ ಹೋಗುವ ರಸ್ತೆಯ ಬದಿಯಲ್ಲಿ, ಹಿಂದೆ ಹತ್ತಿಯ ಗೋದಾಮಾಗಿದ್ದ ತಗಡಿನ ಶೆಡ್ಡು. ಮೂವರು ಕೂಡಿ ಬಾಡಿಗೆಗೆ ಹಿಡಿದದ್ದು. ಒಬ್ಬ ಟ್ರ್ಯಾಕ್ಟರ್ ಎಂಜಿನ್ನುಗಳ ಮೈನುದ್ದೀನ. ಇನ್ನೊಬ್ಬ ತಗಡು, ಕಟ್ಟಿಗೆ ಎರಡನ್ನೂ ಮಾಡುವ ದ್ಯಾವಪ್ಪ. ಮೂರನೆಯವನು ನನ್ನ ಮಗ ಅಮೇಯ. ಹಲ್ಲಿನ ವೈದ್ಯನಾದವನು ದವಾಖಾನೆ ಮುಚ್ಚಿದ ಮೇಲೆ ಪ್ರತಿ ಸಂಜೆ ಇಲ್ಲಿಗೆ ಬರುತ್ತಿದ್ದನೆಂಬುದು ನನಗೆ ತಿಳಿದಿತ್ತು. ಏಕೆ ಬರುತ್ತಿದ್ದನೆಂಬುದು ಇಂದು ಕಣ್ಣಾರೆ ನೋಡಿದ ಮೇಲೂ ತಿಳಿಯಲಿಲ್ಲ.

ಕಳುಹಿಸಿದವಳು ಗಂಗಾ. "ಮಗ ಹೋಗಿ ನಾಕ ತಿಂಗಳಾತು. ಅವನ ಸಾಮಾನು ಮಂದಿ ಜಾಗಾದಾಗ ಬಿದ್ದಾವ. ಒಮ್ಮೆ ನೋಡಿಕೊಂಡರ ಬರ್ರಿ," ಎಂದಳು. ನನ್ನ ಹೆಂಡತಿ ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ. ಹೋದೆ.

ಸಾಮಾನು ಎಂದರೆ ಒಂದು ವಿಲಾಯತಿ ಕಾರು. ಎಂ.ಜಿ. ಎಂದು ಹೆಸರು. ಎರಡೇ ಆಸನ, ತಲೆಯ ಮೇಲೆ ಮುಚ್ಚಿಗೆಯಿಲ್ಲ, ವೇಗದ ಷೋಕಿಗಾಗಿಯೇ ಹುಟ್ಟಿದ್ದು, ನನಗಿಂತ ಹಿರಿಯದು. ಎಂಜಿನ್ನು ಒಂದು ಪೀಪಾಯಿಯ ಮೇಲೆ ಕುಳಿತಿತ್ತು. ಬಾಗಿಲುಗಳು ಗೋಡೆಗೆ ಒರಗಿದ್ದವು. ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನು ಶುದ್ಧಿಮಾಡಲೆಂದು ಅಮೇಯ ತಂದಿಟ್ಟಿದ್ದ ಹಲ್ಲು ಕೆರೆಯುವ ಸಲಾಕೆಗಳು ಒಂದು ಸ್ಟೀಲಿನ ಡಬ್ಬಿಯಲ್ಲಿದ್ದವು.

ಗಾಡಿ ಮೂಲತಃ ಗಜೇಂದ್ರಗಡದ ಗುರುಸಂಗಪ್ಪನವರದು. ಹತ್ತಿ ಜಿನ್ನಿಂಗ್ ಕಾರಖಾನೆಯ ಹಳೆಯ ಮಾಲೀಕರು. ತೊಂಬತ್ತರ ಸಮೀಪದ ವಯಸ್ಸು. ಅವರು ಅದನ್ನು ಅಮೇಯನಿಗೆ ಒಂದು ಷರತ್ತಿನ ಮೇಲೆ ಕೊಟ್ಟರಂತೆ: ಓಡುವಂತೆ ಮಾಡಿ ಒಮ್ಮೆ ತಮ್ಮ ಬಾಗಿಲಿಗೆ ತಂದು ನಿಲ್ಲಿಸಬೇಕು. ಅಮೇಯ ಮಾತು ಕೊಟ್ಟಿದ್ದನಂತೆ. ಹೇಳಿದವನು ಅವರ ಮೊಮ್ಮಗ ಶಶಿಕಾಂತ, ಮೆಣಸಿನಕಾಯಿ ವ್ಯಾಪಾರಿ, ಅಮೇಯನ ಗೆಳೆಯ.

"ನೀವು ಹೂಂ ಅಂದ್ರ ನಾವು ಮುಗಸ್ತೇವ್ರಿ ಕಾಕಾ," ಎಂದ.

ನಾನು ಇವನ ಕಾಕಾ ಅಲ್ಲ. ಆದರೆ ಕೊಟ್ಟ ಮಾತು ಕೊಟ್ಟವನ ಅನುಪಸ್ಥಿತಿಯಲ್ಲಿ ರದ್ದಾಗುವುದಿಲ್ಲ. ನಾಲ್ಕು ವಾರಗಳ ಗಡುವು ವಿಧಿಸಿದೆ. ಗಾಡಿಯನ್ನು ಮುಗಿಸುವುದು, ತಲುಪಿಸುವುದು, ಶೆಡ್ಡಿನ ಋಣವನ್ನು ಕಡಿದುಕೊಳ್ಳುವುದು.

ಜೂನ್ ೧೩, ಗುರುವಾರ

ಸೇವಾವಧಿಯನ್ನೆಲ್ಲ ಸಹಕಾರ ಸಂಘಗಳ ತಪಾಸಣೆಯಲ್ಲಿ ಕಳೆದ ನಾನು ಎಷ್ಟೋ ಕೆಟ್ಟ ಸಂಘಗಳನ್ನು ನೋಡಿದ್ದೇನೆ. ಈ ಶೆಡ್ಡಿನಷ್ಟು ಕೆಟ್ಟದ್ದನ್ನು ನೋಡಿಲ್ಲ. ಎಂಜಿನ್ ಎತ್ತುವ ಚೈನ್ ಕಪ್ಪಿ ಒಂದೇ, ಕೆಲಸದ ಮೇಜು ಒಂದೇ, ನಟ್ಟು ತಿರುಗಿಸುವ ಪಾನಾಗಳು ಮೂವರವೂ ಒಂದೇ ರಾಶಿಯಲ್ಲಿ. ಯಾರದು ಯಾವುದು ಎಂದು ಕೇಳಿದೆ.

"ಕೈಗೆ ಸಿಕ್ಕಿದ್ದು ನಂದ್ರಿ," ಎಂದ ಮೈನುದ್ದೀನ. "ಸಿಗಲಾರದ್ದು ದ್ಯಾವಪ್ಪಂದು."

ಸಂಜೆ ಕುಳಿತು ಶೆಡ್ಡಿನ ನಡವಳಿಕೆಗೆ ಹನ್ನೊಂದು ಕಲಮುಗಳ ಉಪವಿಧಿಗಳನ್ನು ರಚಿಸಿದೆ. ದಪ್ಪ ಕಾಗದದ ಮೇಲೆ, ಸ್ಪಷ್ಟ ಅಕ್ಷರಗಳಲ್ಲಿ.

ಜೂನ್ ೨೦, ಗುರುವಾರ

ಉಪವಿಧಿಗಳನ್ನು ಕತ್ತರಿಸಿ ಎಂಜಿನ್ನಿಗೆ ಪ್ಯಾಕಿಂಗ್ ಮಾಡಿದ್ದಾರೆ.

ಇದನ್ನು ಬರೆದು ಒಂದು ಲೋಟ ನೀರು ಕುಡಿದು ಮತ್ತೆ ಬರೆಯುತ್ತಿದ್ದೇನೆ. ಎಣ್ಣೆ ಸೋರದಂತೆ ಎರಡು ಕಬ್ಬಿಣಗಳ ನಡುವೆ ಇಡುವ ಕಾಗದದ ಪದರಕ್ಕೆ ಇವರು ಪ್ಯಾಕಿಂಗ್ ಎನ್ನುತ್ತಾರೆ. ಮೈನುದ್ದೀನನಿಗೆ ನಾಚಿಕೆಯ ಲಕ್ಷಣವೇ ಇರಲಿಲ್ಲ. "ಕಾಗದ ಭಾಳ ಚಲೋ ಇತ್ತರಿ ಸಾಹೇಬ್ರ. ಎಣ್ಣಿ ತಡೀತೈತಿ."

"ಅದರ ಮ್ಯಾಲೆ ಬರದದ್ದು ಓದಿದ್ಯೇನು?"

"ಓದೇನ್ರಿ. ಆರನೇ ಕಲಮು ನನಗ ಒಪ್ಪಿಗಿ ಆಗಲಿಲ್ಲ. ಅಲ್ಲೇ ಬೋಲ್ಟಿನ ತೂತು ಹೊಡದೇನಿ."

ದ್ಯಾವಪ್ಪ ಬೆನ್ನು ತಿರುಗಿಸಿ ನಿಂತ. ಅವನ ಹೆಗಲು ಅಲುಗುತ್ತಿತ್ತು.

ಜುಲೈ ೭, ರವಿವಾರ

ಗಡುವು ಇಂದಿಗೆ ಮುಗಿಯಿತು. ಗಾಡಿ ಮುಗಿದಿಲ್ಲ. ಆದರೆ ನನ್ನನ್ನು ಕೆರಳಿಸಿದ್ದು ಅದಲ್ಲ.

ಶಶಿಕಾಂತನ ಫೋನು ಮೇಜಿನ ಮೇಲೆ ರಿಂಗಾಯಿತು. ಅವನ ಕೈ ಗ್ರೀಸಿನಲ್ಲಿದ್ದುದರಿಂದ ಧ್ವನಿ ಎಲ್ಲರಿಗೂ ಕೇಳುವಂತೆ ಒತ್ತಿದ. ಗುರುಸಂಗಪ್ಪನವರು. ಒಣಗಿದ, ಅಧಿಕಾರದ ದನಿ.

"ಡಾಕ್ಟರ್ ಪುಣೆದಿಂದ ಬಂದನೇನೋ?"

ಶಶಿಕಾಂತ ನನ್ನ ಕಡೆ ನೋಡಲಿಲ್ಲ. "ಇನ್ನೂ ಇಲ್ಲಜ್ಜ. ಅವರದು ಪರೀಕ್ಷಾ ನಡದಾವಂತ."

"ಹೇಳದ ಹೋದ ನೋಡು. ಒಂದು ಫೋನ್ ಇಲ್ಲ, ಏನಿಲ್ಲ. ಗಾಡಿ ತರತೇನಂತ ಬಾಯಿಮಾತು ಬ್ಯಾರೆ."

ನನ್ನ ಮಗನನ್ನು ಹೆಚ್ಚಿನ ಓದಿಗೆಂದು ಸುಳ್ಳು ಹೇಳಿ ಪುಣೆಗೆ ಕಳುಹಿಸಿ, ಆ ಸುಳ್ಳಿನಿಂದಾಗಿ ಅವನಿಗೆ ಮಾತು ತಪ್ಪಿದವನೆಂಬ ಹೆಸರನ್ನೂ ಕೊಡಿಸಿದ್ದಾರೆ. ಇದೇನೆಂದು ಕೇಳಿದೆ.

"ವಯಸ್ಸಾದೋರಿಗೆ ಇಂಥಾ ಸುದ್ದಿ ಹೇಳಬಾರದ್ರಿ ಕಾಕಾ. ಅಜ್ಜ ನಿಮ್ಮ ಹುಡುಗನ್ನ ಭಾಳ ಹಚಿಗೊಂಡಿದ್ದ. ಎದಿ ಒಡದ ಹೋಗತಾನಂತ ಅವ್ವ ಬ್ಯಾಡಂದಳು."

ಧಾರವಾಡದಲ್ಲಿ ಓದುವಾಗ ಚರ್ಚಾಕೂಟಗಳಲ್ಲಿ ಎದುರಾಳಿಯ ವಾದ ಎಲ್ಲಿ ಟೊಳ್ಳಾಗಿದೆಯೆಂಬುದನ್ನು ಅವನು ಮಾತು ಮುಗಿಸಿ ಕೂಡುವ ಮೊದಲೇ ಗುರುತಿಸುತ್ತಿದ್ದವನು ನಾನು. ಇಲ್ಲಿ ಗುರುತಿಸಬೇಕಾದದ್ದೇ ಇರಲಿಲ್ಲ. ಇಡೀ ವಾದವೇ ಟೊಳ್ಳು. ಸತ್ಯವನ್ನು ತಿಳಿಯುವ ಹಕ್ಕು ವಯಸ್ಸಿನೊಂದಿಗೆ ಕಳೆದುಹೋಗುವುದಿಲ್ಲ ಎಂದೆ. ಕರುಣೆಯ ಹೆಸರಿನ ಸುಳ್ಳು ಹೇಳುವವನ ಹೆದರಿಕೆಯನ್ನು ಕಾಯುತ್ತದೆಯೇ ಹೊರತು ಕೇಳುವವನ ಎದೆಯನ್ನಲ್ಲ ಎಂದೆ. ಗಾಡಿ ಅವರ ಬಾಗಿಲಿಗೆ ಹೋದ ದಿನ ನಾನೇ ಜೊತೆಗೆ ಬಂದು, ನಾನೇ ವಿಷಯವನ್ನು ತಿಳಿಸುವೆನೆಂದೆ.

ಶಶಿಕಾಂತ ಬಹಳ ಹೊತ್ತು ಕೈ ಒರೆಸಿಕೊಂಡ. "ಆಗಲ್ರಿ. ಗಾಡಿ ಮುಗೀಲಿ. ನೀವ ಹೇಳ್ರಿ."

ವಾದದಲ್ಲಿ ಗೆದ್ದೆ. ಗಡುವನ್ನು ವಿಸ್ತರಿಸಿದ್ದೇನೆ. ಇಂಥ ಕೆಲಸದಲ್ಲಿ ಅವಸರ ಸಲ್ಲದು.

ಜುಲೈ ೨೩, ಮಂಗಳವಾರ

ರೇಡಿಯೇಟರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನರಗುಂದಕ್ಕೆ ಹೋಗಿ ಬಂದೆ. ಎರಡನೆಯ ಸಲ. ಅಲ್ಲಿನ ಖಾದರ ಬೆಸುಗೆ ಹಾಕಿದ್ದ. ನೀರು ನಿಲ್ಲುತ್ತಿತ್ತು, ಅದು ನಿಜ. ಆದರೆ ಬೆಸುಗೆಯ ಗೆರೆ ಓರೆಯಾಗಿತ್ತು.

"ಸಾಹೇಬ್ರ, ಇದು ಗಾಡಿ ಮುಂದಿನ ಜಾಳಿಗಿ ಹಿಂದ ಇರತೈತಿ. ಯಾರ ಕಣ್ಣಿಗೂ ಬೀಳಂಗಿಲ್ಲ."

"ನನ್ನ ಕಣ್ಣಿಗೆ ಬಿದ್ದದ."

"ಹಂಗಾರ ನೀವು ಜಾಳಿಗಿ ಹಿಂದ ಕುಂದರ್ರಿ," ಎಂದು ಗೊಣಗಿದ. ಮತ್ತೆ ಮಾಡಿಸಿದೆ. ಮತ್ತೆಯೂ ತುಸು ಓರೆಯೇ.

ಆಗಸ್ಟ್ ೪, ರವಿವಾರ

ಈ ಕಾರಿನ ತಗಡಿನ ಒಳಗೆ ಅಸ್ಥಿಪಂಜರದಂತೆ ಕಟ್ಟಿಗೆಯ ಚೌಕಟ್ಟು ಇರುತ್ತದೆ. ಮೂಲದಲ್ಲಿ ಅದು ವಿಲಾಯತಿಯ ಒಂದು ಮರದ್ದು. ದ್ಯಾವಪ್ಪ ಸಾಗವಾನಿ ಬಳಸಿ, ಬಾಗಿಲು ಕೂಡಿಸಿ, ಕೆಲಸ ಮುಗಿಯಿತೆಂದ. ಮೂಲದ ಮರವೇ ಬೇಕೆಂದೆ.

"ಆ ಗಿಡ ನಮ್ಮ ಕಡೆ ಇಲ್ರಿ ಯಪ್ಪಾ. ಬೇಕಂದ್ರ ಬೀಜ ತರಸ್ರಿ. ಬಿತ್ತಿ ಕಾಯೋಣು."

ಹಾಸ್ಯವನ್ನು ಪ್ರತಿವಾದವೆಂದು ಪರಿಗಣಿಸಲಾಗದು. ಕಟ್ಟಿಗೆಯ ವಿಷಯದಲ್ಲಿ ರಿಯಾಯಿತಿ ತೋರಿಸಿ, ಬಾಗಿಲಿನ ಸಂದು ಮೇಲೆ ಕಿರಿದು ಕೆಳಗೆ ಹಿರಿದು ಇದ್ದುದನ್ನು ಎತ್ತಿ ತೋರಿಸಿದೆ. ಬಿಚ್ಚಿದ. ಬಿಚ್ಚುವಾಗ ಅವನು ಆಡಿದ ಮಾತುಗಳನ್ನು ಇಲ್ಲಿ ದಾಖಲಿಸುವುದಿಲ್ಲ.

ದಿನವೂ ಹೋಗಿ ನಿಲ್ಲದಿದ್ದರೆ ಇವರು ಏನು ಬೇಕಾದರೂ ಮಾಡಿಯಾರು. ನನಗೂ ಒಂದು ಕೀಲಿ ಮಾಡಿಸಿಕೊಂಡೆ. ಗಂಗಾ ಈಗ ನನ್ನ ಬುತ್ತಿಯಲ್ಲಿ ಭಕ್ಕರಿ ಹೆಚ್ಚು ಕಟ್ಟುತ್ತಾಳೆ. ಮೂವರೂ ಕೈ ಹಾಕುತ್ತಾರೆ. ಮೈನುದ್ದೀನನ ಹೆಂಡತಿ ಮೈಮುನಬಿ ಕಳುಹಿಸುವ ಶೇಂಗಾ ಚಟ್ನಿಯ ಡಬ್ಬಿ ನನ್ನ ಮುಂದೆಯೇ ಬಂದು ನಿಲ್ಲುತ್ತದೆ. ಇದೆಲ್ಲ ನನ್ನ ಒಪ್ಪಿಗೆಯಿಲ್ಲದೆ ರೂಢಿಯಾದದ್ದು.

ಆಗಸ್ಟ್ ೯, ಶುಕ್ರವಾರ

ನಾಗರಪಂಚಮಿ. ಈ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಶೆಡ್ಡಿಗೆ ಹೋದೆ, ಬೀಗ ಹಾಕಿತ್ತು. ತೆಗೆದು ಒಳಗೆ ಕುಳಿತು ಬಂದೆ.

ಏನೂ ಕೆಲಸವಾಗಲಿಲ್ಲ.

ಆಗಸ್ಟ್ ೩೧, ಶನಿವಾರ

ಎಂಜಿನ್ನು ಹತ್ತಿತು. ದ್ಯಾವಪ್ಪ ತಗಡಿನ ಗೋಡೆಯನ್ನು ಎರಡೂ ಕೈಯಿಂದ ಬಡಿದ. ಶಶಿಕಾಂತ ಫೋನಿನಲ್ಲಿ ಅಜ್ಜನಿಗೆ ಆ ಸದ್ದನ್ನು ಕೇಳಿಸಿದ. ಆ ಕಡೆಯಿಂದ ಒಂದೇ ಮಾತು ಬಂತು: "ಯಾವಾಗ ತರತೀರಿ?"

ನಾನು ಕಿವಿಗೊಟ್ಟು ಕೇಳಿದೆ. ನಾಲ್ಕನೆಯ ಸಿಲಿಂಡರಿನ ಸದ್ದು ಉಳಿದ ಮೂರರೊಂದಿಗೆ ಕೂಡುತ್ತಿರಲಿಲ್ಲ. ಬಿಚ್ಚಲು ಹೇಳಿದೆ.

"ಹತ್ತಿದ ಎಂಜಿನ್ ಬಿಚ್ಚಬಾರದ್ರಿ ಸಾಹೇಬ್ರ," ಎಂದ ಮೈನುದ್ದೀನ. ಅವನು ನಗುತ್ತಿರಲಿಲ್ಲ.

ಬಿಚ್ಚಿಸಿದೆ. ಒಳಗೆ ದೋಷವೇನೂ ಕಾಣಲಿಲ್ಲ. ಕಾಣದಿರುವುದು ಇಲ್ಲದಿರುವುದಕ್ಕೆ ಪುರಾವೆಯಲ್ಲ.

ಸೆಪ್ಟೆಂಬರ್ ೧೨, ಗುರುವಾರ

ಕಾರನ್ನು ತಯಾರಕರ ಪುಸ್ತಕದಲ್ಲಿರುವಂತೆ ಕಡುಹಸಿರು ಬಣ್ಣಕ್ಕೆ ತರಿಸಿದ್ದೇನೆ. ಇಂದು ಬಿಸಿಲಿಗೆ ತಳ್ಳಿ ನೋಡಿದಾಗ ಬಾನೆಟ್ಟಿನ ಹಸಿರು ಬೇರೆ, ಬಾಗಿಲಿನ ಹಸಿರು ಬೇರೆ. ಬಾನೆಟ್ಟನ್ನು ಕೆರೆದು ಮತ್ತೆ ಹಚ್ಚಬೇಕೆಂದೆ. ಯಾರೂ ವಿರೋಧಿಸಲಿಲ್ಲ. ವಿರೋಧವಿಲ್ಲದ ಸಭೆಯಲ್ಲಿ ಮಾತನಾಡುವುದು ಬಹಳ ಕಷ್ಟ.

ಸೆಪ್ಟೆಂಬರ್ ೨೨, ರವಿವಾರ

ಶಶಿಕಾಂತ ಇಂದು ನನ್ನ ಮೇಲೆ ದನಿ ಎತ್ತಿದ.

ಬಾನೆಟ್ಟನ್ನು ಮೂರನೆಯ ಸಲ ಕೆರೆಯಬೇಕೆಂದು ನಾನು ಹೇಳಿದ್ದೇ ತಡ, ಕೈಯಲ್ಲಿದ್ದ ಅರಿವೆಯನ್ನು ನೆಲಕ್ಕೆ ಒಗೆದ. "ಅಜ್ಜ ಊಟ ಬಿಟ್ಟಾನ್ರಿ ಕಾಕಾ. ಬರೀ ಅಂಬಲಿ ಮ್ಯಾಲೆ ಅದಾನ. ಮುಂಜಾನೆ ಎದ್ದವನ ಬಾಗಲಾಗ ಕುರ್ಚಿ ಹಾಕಸ್ತಾನ, ಸಂಜಿತನಕ ರಸ್ತಾ ನೋಡತಾನ. ನಿಮಗ ಬಣ್ಣ ಕೂಡವಲ್ದು, ಸಂದು ಕೂಡವಲ್ದು, ಸದ್ದು ಕೂಡವಲ್ದು. ನಿಮಗ ಗಾಡಿ ಮುಗಸೋದ ಬ್ಯಾಡಾಗೇತಿ. ಬ್ಯಾಡಾದ್ರ ಬ್ಯಾಡನ್ನರಿ, ನಾ ಹೋಗಿ ಅಜ್ಜಗ ಹೇಳತೇನಿ, ಗಾಡಿನೂ ಪುಣೆಕ್ಕ ಹೋತಂತ."

ನಾನು ಉಳಿದಿರುವ ದೋಷಗಳನ್ನು ಒಂದೊಂದಾಗಿ ವಿವರಿಸಿದೆ. ವಿವರಿಸುತ್ತಿರುವಾಗ ದ್ಯಾವಪ್ಪ ಹೊರಗೆ ಹೋದ. ಮೈನುದ್ದೀನ ಒಂದು ಟ್ರ್ಯಾಕ್ಟರಿನ ಕೆಳಗೆ ಸರಿದ. ಕೊನೆಯ ಅಂಶವನ್ನು ಹೇಳುವ ಹೊತ್ತಿಗೆ ಶ್ರೋತೃಗಳೆಂದರೆ ಗಾಡಿಯೊಂದೇ.

ಮನೆಗೆ ಬಂದು ಗಂಗಾಳಿಗೆ ಹೇಳಿದೆ. ನನ್ನ ಪಕ್ಷ ವಹಿಸುವಳೆಂದುಕೊಂಡಿದ್ದೆ. ಅವಳು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು.

"ಅಜ್ಜಾರಿಗೆ ಹೇಳತೀನಂತ ಅಂದಿದ್ರಿ. ಏನಂತ ಹೇಳವರು?"

ಸಿದ್ಧಪಡಿಸಿಟ್ಟಿದ್ದನ್ನು ಹೇಳಿದೆ. 'ಗತ ಫೆಬ್ರವರಿ ಮಾಸದಲ್ಲಿ ನಮ್ಮ ಪುತ್ರನ ವಿಷಯದಲ್ಲಿ ಸಂಭವಿಸಿದ ಅನಿವಾರ್ಯ ಘಟನೆಯನ್ನು ತಮ್ಮ ಗಮನಕ್ಕೆ ತರಲು ವಿಷಾದಿಸುತ್ತೇನೆ.'

"ಇದು ಸಂಘದ ನೋಟೀಸು ಆತು," ಎಂದಳು. "ಎರಡ ಶಬ್ದ ಅವ. ಹೇಳ್ರಿ ನೋಡೋಣು."

ಮನೆಯಲ್ಲಿ ಎಲ್ಲರಿಗೂ ತಿಳಿದಿರುವುದನ್ನು ಮನೆಯಲ್ಲಿ ಹೇಳುವ ಅಗತ್ಯವಿಲ್ಲ ಎಂದೆ. ಅವಳು ಮತ್ತೆ ಅಕ್ಕಿಯ ಕಡೆ ನೋಡಿದಳು. ಹರಳುಗಳೇನೂ ಇರಲಿಲ್ಲ, ಆದರೂ ಆರಿಸುತ್ತಿದ್ದಳು.

ಸೆಪ್ಟೆಂಬರ್ ೨೮, ಶನಿವಾರ

ನಾಳೆ ಹೊರಡುವುದೆಂದು ತೀರ್ಮಾನವಾಯಿತು. ಬಾನೆಟ್ಟಿನ ಬಣ್ಣ ಇದ್ದಂತೆಯೇ ಇದೆ. ನನ್ನ ಭಿನ್ನಮತವನ್ನು ಇಲ್ಲಿ ದಾಖಲಿಸಿದ್ದೇನೆ.

ಸೆಪ್ಟೆಂಬರ್ ೨೯, ರವಿವಾರ

ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಶಶಿಕಾಂತ ಗಾಡಿ ನಡೆಸಿದ, ನಾನು ಪಕ್ಕದಲ್ಲಿ ಕುಳಿತೆ. ಮೈನುದ್ದೀನ ಶಶಿಕಾಂತನ ಮೋಟರ್ ಸೈಕಲ್ಲಿನ ಮೇಲೆ, ಪಾನಾಗಳ ಚೀಲ ಹೊತ್ತು ಹಿಂದೆ ಬಂದ. ದಾರಿಯುದ್ದಕ್ಕೂ ಹೊಲದವರು ಕೆಲಸ ಬಿಟ್ಟು ನೋಡಿದರು. ನಾನು ಸಿಲಿಂಡರುಗಳ ಸದ್ದನ್ನು ಕೇಳುತ್ತಿದ್ದೆ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡಾಗ, ಒಮ್ಮೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ನೋಡೋಣ ಎಂದೆ. ಶಶಿಕಾಂತ ನಿಲ್ಲಿಸಲಿಲ್ಲ.

ಗುರುಸಂಗಪ್ಪನವರು ಬಾಗಿಲಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ನಾನು ಕಲ್ಪಿಸಿಕೊಂಡದ್ದಕ್ಕಿಂತ ಸಣ್ಣ ಆಳು. ಅವರ ಹಿಂದೆ ನಿಂತಿದ್ದ ಸೊಸೆ ಸಿದ್ದಲಿಂಗವ್ವ, ಶಶಿಕಾಂತನ ತಾಯಿ, ನನಗೆ ನೀರು ಕೊಡುವ ನೆವದಲ್ಲಿ ಹತ್ತಿರ ಬಂದರು. "ಅಣ್ಣಾರ, ನಿಮಗ ಕೈ ಮುಗೀತೇನಿ. ನೋಡಿ ಮಾತಾಡ್ರಿ."

ಮುದುಕರು ಎದ್ದು ಬಂದು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟರು. "ಹಸಿರು ಯಾರು ಬಳದ್ರು? ಇದು ಕೆಂಪು ಇತ್ತು."

ತಯಾರಕರ ಪುಸ್ತಕದ ಪ್ರಕಾರ ಮೂಲ ಬಣ್ಣ ಹಸಿರೇ ಎಂದು ತಿಳಿಸಿದೆ.

"ಪುಸ್ತಕ ಹೊಡದೈತೇನು ಈ ಗಾಡಿ? ನಾ ಹೊಡದೇನಿ." ಆಮೇಲೆ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಡಾಕ್ಟರ್ ಎಲ್ಲಿ? ಇವತ್ತೂ ಬರಲಿಲ್ಲಾ? ನೀ ಯಾರು?"

"ನಾ ಅವನ ತಂದಿರಿ."

ಸಿದ್ಧಪಡಿಸಿದ ವಾಕ್ಯವನ್ನು ಪ್ರಾರಂಭಿಸಿದೆ. 'ಗತ ಫೆಬ್ರವರಿ ಮಾಸದಲ್ಲಿ' ಎಂಬಲ್ಲಿಗೆ ಅದು ನಿಂತಿತು. ವೇದಿಕೆಯ ಮೇಲೆ ನನಗೆ ಹೀಗೆ ಎಂದೂ ಆದದ್ದಿಲ್ಲ. ಎಲ್ಲರೂ ಕಾದರು. ಮೈನುದ್ದೀನ ಮೋಟರ್ ಸೈಕಲ್ಲಿನಿಂದ ಇಳಿದು ನನ್ನ ಪಕ್ಕಕ್ಕೆ ಬಂದು ನಿಂತ.

"ಅಮೇಯ ಸತ್ತಹೋದನ್ರಿ," ಎಂದೆ. "ಡೆಂಗಿ ಆಗಿತ್ತು. ಉಳೀಲಿಲ್ಲ."

ಸಿದ್ದಲಿಂಗವ್ವ ಮಾವನ ತೋಳು ಹಿಡಿದುಕೊಂಡರು. ಮುದುಕರು ಬೀಳಲಿಲ್ಲ. ಮಡ್‌ಗಾರ್ಡಿನ ಮೇಲಿನ ಕೈಯನ್ನು ತೆಗೆಯಲೂ ಇಲ್ಲ. "ಯಾವಾಗ?" ಎಂದರು.

"ಫೆಬ್ರವರಿಯಾಗ."

"ಈಗ ಯಾವ ತಿಂಗಳು?"

ಬೆರಳುಗಳ ಮೇಲೆ ತಾವೇ ಎಣಿಸಿದರು. ಆಗ ಅವರು ಸೊಸೆಯ ಕಡೆ ತಿರುಗಿದರು. ದುಃಖವನ್ನು ನಿರೀಕ್ಷಿಸಿದ್ದೆ, ಬಂದದ್ದು ಸಿಟ್ಟು. "ಮಾತಾಡ್ಸಾಕ ಹೋಗಲಿಲ್ಲ ನಾ. ಇಷ್ಟ ತಿಂಗಳು. ಆ ಹಡದ ತಾಯಿ ಏನಂದಿರಬೇಕು? ಗುರುಸಂಗಪ್ಪ ಗಾಡಿ ಕೊಡಾಕ ಇದ್ದ, ಮಗ ಹೋದಾಗ ಮಕ ತೋರಸಾಕ ಇಲ್ಲ ಅಂದಿರತಾಳ."

"ನಿಮ್ಮ ಜೀವಕ್ಕ ಏನರ ಆದೀತಂತ್ರಿ ಮಾವಾರ..."

"ಹೇಳಲಾರದ ಇಟ್ರ ಸಾಯಂಗಿಲ್ಲೇನು ನಾ? ನನ್ನ ಪಟಗಾ ತಗೊಂಬಾ."

ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರುವುದು ನಮ್ಮ ಕಡೆ ನೆರೆಯವರಿಗೂ ತಪ್ಪದ ಕರ್ತವ್ಯ. ಅವರ ಎದೆಯನ್ನು ಕಾಯಹೋಗಿ ಮನೆಯವರು ಅವರಿಂದ ಆ ಕರ್ತವ್ಯವನ್ನು ಕಸಿದಿದ್ದರು. ಜುಲೈಯಲ್ಲಿ ನಾನು ಮಂಡಿಸಿದ ವಾದಗಳಲ್ಲಿ ಈ ಅಂಶ ಇರಲೇ ಇಲ್ಲ.

ತಲೆಗೆ ಪಟಗಾ ಸುತ್ತಿಕೊಂಡು ಅವರು ಗಾಡಿಯ ಎಡ ಆಸನದಲ್ಲಿ ಕುಳಿತುಬಿಟ್ಟರು. ಶಶಿಕಾಂತ ಸ್ಟೀರಿಂಗಿನ ಕಡೆಗೆ ಹೋಗಲು, "ನೀ ಅಲ್ಲ," ಎಂದರು. "ಮಗನ ಗಾಡಿ. ಅಪ್ಪ ಹೊಡೀಲಿ."

ಅವರ ವಯಸ್ಸು, ಮೇಲಿನ ಬಿಸಿಲು, ಒಂದೇ ಓಟದ ಪರೀಕ್ಷೆ ಕಂಡ ಬ್ರೇಕುಗಳು, ಎಲ್ಲವನ್ನೂ ಹೇಳಿದೆ.

"ಭಾಳ ಮಾತಾಡ್ತಿ," ಎಂದರು. ಹೊರಟೆವು. ಶಶಿಕಾಂತ, ಮೈನುದ್ದೀನ ಹಿಂದೆ ಬಂದರು.

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಇಷ್ಟು ನಿರಂತರವಾಗಿ ಬೈದಿಲ್ಲ. ಕ್ಲಚ್ಚನ್ನು ಒದೆಯುತ್ತೇನೆಂದರು. ಗೇರು ಹಾಕುವುದು ಹೀಗಲ್ಲವೆಂದರು. ಎಮ್ಮೆ ಕಂಡ ಮೇಲೆ ಹಾರ್ನ್ ಒತ್ತಬಾರದು, ಕಾಣುವ ಮೊದಲೇ ಒತ್ತಬೇಕೆಂದರು. ಕಾಣದ ಎಮ್ಮೆಗೆ ಹೇಗೆ ಒತ್ತುವುದೆಂದು ಕೇಳಿದ್ದಕ್ಕೆ, "ಡಾಕ್ಟರ್ ಇದ್ರ ಕೇಳತಿದ್ದಿಲ್ಲ," ಎಂದರು. ಒಂದು ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಅವ ಗಾಡಿ ಹ್ಯಾಂಗ ಕಸಗೊಂಡ ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ.

"ಎಡಕಿನ ದವಡಿ ಹಲ್ಲು ತಗಸಾಕ ಹೋಗಿದ್ದೆ. ಬಾಯಾಗ ಎರಡೂ ಕೈ ಹಾಕಿದ. ಹಾಕಿ, 'ಅಜ್ಜಾರ, ಕಾರಖಾನ್ಯಾಗಿನ ಗಾಡಿ ಹಾಳಾಗಾಕತ್ತೈತಿ. ನನಗ ಕೊಡ್ರಿ. ಆಗಂಗಿಲ್ಲಂದ್ರ ಈಗ ಹೇಳಿಬಿಡ್ರಿ' ಅಂದ. ಬಾಯಿ ತುಂಬ ಅವನ ಕೈ. ಏನ ಹೇಳಲಿ? 'ಹಂಗಾರ ಒಪ್ಪಿಗಿ ಆತು' ಅಂದು ಹಲ್ಲು ಕಿತ್ತ."

ಎದುರಾಳಿಯ ಬಾಯಿ ತೆರೆಸಿ, ಅದರಲ್ಲಿ ಕೈಯಿಟ್ಟು, ಪ್ರತಿವಾದಕ್ಕೆ ಅವಕಾಶ ಕೊಟ್ಟೆನೆಂದು ಹೇಳುವುದು. ಇದಕ್ಕೆ ಯಾವ ಚರ್ಚಾಕೂಟದ ನಿಯಮದಲ್ಲಿಯೂ ಎಡೆಯಿಲ್ಲ. ನಾನು ಅವನಿಗೆ ಇಂಥದ್ದನ್ನು ಕಲಿಸಿದವನೂ ಅಲ್ಲ. ಆದರೆ ಇಷ್ಟು ಸಂಪೂರ್ಣವಾಗಿ ಗೆದ್ದ ವಾದವನ್ನು ನಾನು ಬೇರೆ ಕಂಡಿಲ್ಲ.

ಗಾಡಿಯನ್ನು ಬದಿಗೆ ನಿಲ್ಲಿಸಬೇಕಾಯಿತು. ಮುಂದಿನ ಗಾಜಿನ ಆಚೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಗಾಜು ಸ್ವಚ್ಛವಾಗಿಯೇ ಇತ್ತು.

ಶಶಿಕಾಂತ ಓಡಿ ಬಂದ. "ಗಾಡಿ ಕೆಟ್ಟೈತೇನ್ರಿ ಕಾಕಾ?"

"ಇಲ್ಲಪ್ಪಾ," ಎಂದೆ. "ಗಾಡಿ ಚಲೋ ಅದ."

ಗುರುಸಂಗಪ್ಪನವರು ಮೊದಲ ಸಲ ನನ್ನನ್ನು ಬೈಯದೆ ಕಾದರು.

ನಮ್ಮ ಮನೆಯ ಮುಂದೆ ನಿಲ್ಲಿಸುವ ಹೊತ್ತಿಗೆ ಗಂಗಾ ಗಾಡಿಯ ಸದ್ದು ಕೇಳಿ ಬಾಗಿಲಿಗೆ ಬಂದಿದ್ದಳು. ಗುರುಸಂಗಪ್ಪನವರು ಪಡಸಾಲೆಯಲ್ಲಿ, ಮಾತಾಡಿಸಲು ಬಂದವರು ಕೂಡುವ ರೀತಿಯಲ್ಲಿ, ಗೋಡೆಗೆ ಒರಗಿ ಕುಳಿತರು. ಅವಳೂ ಎದುರು ಕುಳಿತಳು. "ತಡಾ ಆತು ತಂಗಿ," ಎಂದರು.

ಗಂಗಾ ಸೆರಗಿನಿಂದ ಮುಖ ಒರೆಸಿಕೊಂಡಳು. ಫೆಬ್ರವರಿಯಿಂದ ಈ ಪಡಸಾಲೆಗೆ ಬಂದವರೆಲ್ಲ ಅವಳಿಗೆ ಸಮಾಧಾನ ಹೇಳಿ ಹೋಗಿದ್ದರು. ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಇಂದು ಕೇಳಿದಳು. "ಅವನ ಕಡೆ ಹಲ್ಲು ತಗಸೀರೇನ್ರಿ? ಭಾಳ ನೋಯಿಸಿದನೇನು?"

"ಗಾಡಿ ಹೋದದ್ದು ಗೊತ್ತಾತವಾ. ಹಲ್ಲು ಹೋದದ್ದು ಗೊತ್ತಾಗಲಿಲ್ಲ."

ಹಾಗೆಂದರೇನೆಂದು ಅವಳು ಕೇಳಿದಳು. ಅವರು ಮೊದಲಿನಿಂದ ಹೇಳತೊಡಗಿದರು. ಹೊಸ್ತಿಲಾಚೆ ಕುಳಿತಿದ್ದ ಶಶಿಕಾಂತ, ಮೈನುದ್ದೀನರೂ ಒಳಗೆ ಸರಿದರು. ಗಂಗಾ ನಡುವೆ ಒಮ್ಮೆ ನಕ್ಕಳು. ನಕ್ಕದ್ದು ಮುಗಿಯುವ ಮೊದಲೇ ಅತ್ತಳು. ಅಳುತ್ತಲೇ, "ಮುಂದ ಹೇಳ್ರಿ," ಎಂದಳು.

ದಾರಿಯಲ್ಲಿ ಅದು ಎಡ ದವಡೆಯ ಹಲ್ಲಾಗಿತ್ತು. ನಮ್ಮ ಪಡಸಾಲೆಯಲ್ಲಿ ಬಲ ದವಡೆಗೆ ಬಂದಿತ್ತು, ಅಮೇಯನ ಮಾತುಗಳೂ ಮೊದಲಿಗಿಂತ ಹೆಚ್ಚಾಗಿದ್ದವು. ನಾನು ತಿದ್ದಲು ಹೋಗಲಿಲ್ಲ.